ಮಕ್ಕಳು ಮೊದಲೇ ಹೇಳಿದ್ದರು

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಹಳಬರು ಇವತ್ತಿಗೂ ಮಿಡ್ಲ್ ಸ್ಕೂಲ್ ಎಂದೇ ಕರೆಯುತ್ತಾರೆ. ಮೂರು ಹೆಂಚಿನ ಕೊಠಡಿ, ಎರಡು ಆರ್‌ಸಿಸಿ ಕೊಠಡಿ, ಅಂಗಳದಲ್ಲಿ ಒಂದು ಬೇವಿನ ಮರ. ನನ್ನ ಮಗಳು ಓದಿದ್ದು ಅಲ್ಲೇ. ಅವಳು ಆರನೇ ತರಗತಿಯಲ್ಲಿದ್ದಾಗ, ಬೆಳಿಗ್ಗೆ ತುಂಬಿಸಿಕೊಟ್ಟ ನೀರಿನ ಬಾಟಲಿ ಸಂಜೆ ಹಾಗೆಯೇ ವಾಪಸು ಬರುತ್ತಿತ್ತು. ಮಾರ್ಚ್ ತಿಂಗಳ ಬಿಸಿಲಲ್ಲೂ ಮುಚ್ಚಳ ತೆರೆದಿರುತ್ತಿರಲಿಲ್ಲ. ಅವಳಮ್ಮ ನಾಲ್ಕು ದಿನ ಗದರಿದಳು. ಐದನೇ ದಿನ ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೀರು ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತಪ್ಪ. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ."

ಮರುದಿನ ಹೋಗಿ ನೋಡಿದೆ. ಹೆಣ್ಣುಮಕ್ಕಳ ಶೌಚಾಲಯದ ತಗಡಿನ ಬಾಗಿಲಲ್ಲಿ ಚಿಲಕವಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿದ್ದವು. ಒಂದು ತೂತಿಗೆ ಯಾರೋ ಸಣಬಿನ ದಾರ ಪೋಣಿಸಿದ್ದರು. ಒಳಗೆ ಕೂತ ಹುಡುಗಿ ಆ ದಾರವನ್ನು ಒಂದು ಕೈಯಲ್ಲಿ ಎಳೆದು ಹಿಡಿದುಕೊಳ್ಳಬೇಕು, ಹೊರಗೆ ಗೆಳತಿಯೊಬ್ಬಳು ಕಾವಲು ನಿಲ್ಲಬೇಕು. ಗೆಳತಿ ಬಾರದ ದಿನ ನೀರು ಕುಡಿಯುವಂತಿಲ್ಲ. ಚಿಲಕ ಬಿದ್ದು ಎಷ್ಟು ದಿನವಾಯಿತೆಂದು ವಿಚಾರಿಸಿದರೆ, ಅದು ಹಿಂದಿನ ದಸರಾ ರಜೆಗೂ ಮೊದಲಿನ ಮಾತು. ಹುಡುಗಿಯರು ಮಿಸ್‌ಗೆ ಹೇಳಿದ್ದರು. ಮಿಸ್ ಮುಖ್ಯ ಶಿಕ್ಷಕರಿಗೆ ಹೇಳಿದ್ದರು. ಮುಖ್ಯ ಶಿಕ್ಷಕರು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದ್ದರಂತೆ. ಆ ಸಭೆಯ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಸ್ವಾತಂತ್ರ್ಯ ದಿನಾಚರಣೆಯ ಸಿಹಿ ಹಂಚಿಕೆ ಇತ್ತು, ಪ್ರತಿಭಾ ಕಾರಂಜಿಯ ಖರ್ಚು ಇತ್ತು. ಚಿಲಕ ಇರಲಿಲ್ಲ.

ಶಾಲೆಯ ಸುರಕ್ಷತೆಯ ಬಗ್ಗೆ ಪೋಷಕರಿಗೆ ಇರುವ ಭಯಗಳನ್ನು ಒಂದೊಂದಾಗಿ ನೋಡಹೊರಟಾಗ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ದೊಡ್ಡ ದುರಂತಗಳ ಹಿಂದೆಯೂ ಇಂಥದೇ ಒಂದು ಮಾತು ಇರುತ್ತದೆ. ಮಕ್ಕಳು ಹೇಳಿರುತ್ತಾರೆ, ದೊಡ್ಡವರು ಕೇಳಿಸಿಕೊಂಡಿರುತ್ತಾರೆ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ತಲೆಯ ಮೇಲಿನ ಚಾವಣಿ

2025ರ ಜುಲೈ 25. ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಹೊತ್ತು ಕೊಠಡಿಯೊಂದರ ಚಾವಣಿ ಕುಸಿದು 7 ಮಕ್ಕಳು ಸತ್ತರು, ಹಲವರು ಗಾಯಗೊಂಡರು. ಮೇಲಿನಿಂದ ಕಲ್ಲಿನ ಚೂರುಗಳು ಉದುರುತ್ತಿವೆ ಎಂದು ಶಿಕ್ಷಕರಿಗೆ ಹೇಳಿದ್ದೆವು, ಸುಮ್ಮನೆ ಕೂರಲು ಹೇಳಿದರು ಎಂದು ಬದುಕುಳಿದ ಮಕ್ಕಳು ತಿಳಿಸಿದ್ದು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಶಿಥಿಲ ಶಾಲೆಗಳ ಪಟ್ಟಿ ಕೊಡಿ ಎಂದು ಜಿಲ್ಲಾಡಳಿತ ಮೊದಲೇ ಕೇಳಿತ್ತು. ಆ ಪಟ್ಟಿಯಲ್ಲಿ ಈ ಶಾಲೆಯ ಹೆಸರೇ ಇರಲಿಲ್ಲ. ಮಕ್ಕಳಿಗೆ ಗೊತ್ತಿದ್ದ ಸಂಗತಿ ಪಟ್ಟಿಗೆ ಗೊತ್ತಿರಲಿಲ್ಲ.

ಕರ್ನಾಟಕದ ಪೋಷಕರಿಗೆ ಇದು ದೂರದ ಊರಿನ ಸುದ್ದಿಯಾಗಿ ಕೇಳಿಸುವುದಿಲ್ಲ. ನಮ್ಮಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಿವೆ. ಅವುಗಳಲ್ಲಿ ಶತಮಾನ ಕಂಡ ಕಟ್ಟಡಗಳೂ ಇವೆ. ಮಲೆನಾಡಿನಲ್ಲಿ ಹೆಂಚಿನಡಿಯ ರೀಪು, ಪಕಾಸಿಗೆ ಗೆದ್ದಲು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಮಣ್ಣಿನ ಗೋಡೆ ಒಂದೇ ಜೋರು ಮಳೆಗೆ ಹೊಟ್ಟೆ ಬಿಡುತ್ತದೆ. ಹೊಸ ಕಟ್ಟಡವೆಂದು ನೆಮ್ಮದಿಯಾಗಿರುವಂತೆಯೂ ಇಲ್ಲ. ಸೋರುವ ಆರ್‌ಸಿಸಿಯಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ, ಆಮೇಲೆ ಗಾರೆ ಚಕ್ಕೆಚಕ್ಕೆಯಾಗಿ ಬೀಳತೊಡಗುತ್ತದೆ. ಬೆಂಚಿನ ಮೇಲೆ ಬೆಳಿಗ್ಗೆ ಬಿದ್ದಿರುವ ಸಿಮೆಂಟಿನ ಚೂರನ್ನು ಮೊದಲು ಕಾಣುವುದು ತರಗತಿಯ ಬಾಗಿಲು ತೆಗೆಯುವ ಮಗು.

ರಾಜ್ಯ ಸರ್ಕಾರಗಳು ಕೈಕಟ್ಟಿ ಕೂತಿಲ್ಲ. 2022ರಲ್ಲಿ 'ವಿವೇಕ' ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿಗಳನ್ನು ಕಟ್ಟುವ ಕೆಲಸ ಕೈಗೆತ್ತಿಕೊಳ್ಳಲಾಯಿತು. ಆದರೆ ಹೊಸ ಕೊಠಡಿಯ ಪಕ್ಕದಲ್ಲೇ ಹಳೆಯ ಕೊಠಡಿ ಹಾಗೇ ನಿಂತಿರುತ್ತದೆ. ಅದನ್ನು ಕೆಡವಲು ಎಂಜಿನಿಯರ್ ವರದಿ ಬೇಕು, ಇಲಾಖೆಯ ಅನುಮತಿ ಬೇಕು, ಹರಾಜು ಆಗಬೇಕು. ಅಷ್ಟರವರೆಗೆ ಬಾಗಿಲಿಗೆ ಬೀಗ ಹಾಕಿರುತ್ತಾರೆ, ಜಗಲಿಗೆ ಬೀಗ ಹಾಕಲಾಗುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಮಕ್ಕಳು ನೆರಳಿಗೆಂದು ಆ ಜಗಲಿಯಲ್ಲೇ ಕೂರುತ್ತಾರೆ. ಪೋಷಕರು ಮೊದಲು ಕೇಳಬೇಕಾದ್ದು ಇದನ್ನೇ: ಬಳಸಬಾರದು ಎಂದು ತೀರ್ಮಾನವಾದ ಕಟ್ಟಡದ ಸುತ್ತ ಬೇಲಿ ಇದೆಯೇ?

ವಿದ್ಯುತ್ ತಂತಿಯದೂ ಇದೇ ಕಥೆ. 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ ಸ್ವಾತಂತ್ರ್ಯ ದಿನಕ್ಕೆ ನೆಟ್ಟಿದ್ದ ಧ್ವಜದ ಕಂಬವನ್ನು ಇಳಿಸುವಾಗ ಅದು ಮೇಲೆ ಹಾದುಹೋಗಿದ್ದ ವಿದ್ಯುತ್ ತಂತಿಗೆ ತಗುಲಿ 5 ಮಂದಿ ವಿದ್ಯಾರ್ಥಿಗಳು ಪ್ರಾಣ ಬಿಟ್ಟರು. ಅಲ್ಲಿ ಓಡಾಡುವ ಎಲ್ಲರಿಗೂ ಆ ತಂತಿ ದಿನಾ ಕಾಣುತ್ತಿತ್ತು.

ಮನೆಯಿಂದ ಗೇಟಿನವರೆಗೆ

ತಾಯಂದಿರನ್ನು ಕೇಳಿದರೆ ಶಾಲೆಯೊಳಗಿನ ಭಯಕ್ಕಿಂತ ದಾರಿಯ ಭಯವನ್ನೇ ಮೊದಲು ಹೇಳುತ್ತಾರೆ. ಒಂದರಿಂದ ಐದನೇ ತರಗತಿಯವರಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ನಿಯಮ. ಹತ್ತು ಹನ್ನೆರಡು ವರ್ಷದ ಮಗು ದಿನಾ ಆರು ಕಿಲೋಮೀಟರ್‌ವರೆಗೆ ನಡೆಯಬಹುದು ಎಂದು ಕಾನೂನು ಒಪ್ಪಿಕೊಂಡ ಹಾಗಾಯಿತು. ಆ ಆರು ಕಿಲೋಮೀಟರ್‌ನಲ್ಲಿ ಹೆದ್ದಾರಿ ಇದೆಯೇ, ಹಳ್ಳ ಇದೆಯೇ, ಮದ್ಯದ ಅಂಗಡಿ ಇದೆಯೇ ಎಂದು ನಿಯಮ ಕೇಳುವುದಿಲ್ಲ. ತಾಯಿ ಕೇಳುತ್ತಾಳೆ.

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ದಾರಿಯೆಂದರೆ ಕಾಲುಸಂಕ. ಎರಡು ಅಡಿಕೆ ಮರದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು, ಕೆಳಗೆ ಕೆಂಪು ನೀರು. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಇಂಥ ಸಂಕಗಳ ಜಾಗದಲ್ಲಿ ಕಿರುಸೇತುವೆ ಕಟ್ಟುವ 'ಶಾಲಾ ಸಂಪರ್ಕ ಸೇತು' ಯೋಜನೆ ಅದಕ್ಕೂ ಕೆಲವು ವರ್ಷ ಮೊದಲೇ ರಾಜ್ಯದಲ್ಲಿ ಶುರುವಾಗಿತ್ತು. ಯೋಜನೆ ಇತ್ತು, ಹಳ್ಳವೂ ಇತ್ತು. ಆ ಹಳ್ಳಕ್ಕೆ ಸೇತುವೆ ಮಾತ್ರ ಬಂದಿರಲಿಲ್ಲ.

ಬಯಲುಸೀಮೆಯ ದಾರಿಯಲ್ಲಿ ಬೇರೆ ಭಯ. ಶಾಲೆ ಬಿಡುವ ಹೊತ್ತಿಗೆ ಬರುವುದು ಒಂದೇ ಬಸ್ಸು, ಅದೂ ತುಂಬಿ ಬಾಗಿಲಿನವರೆಗೆ ಜೋತಾಡುವ ಬಸ್ಸು. ಅದು ತಪ್ಪಿದರೆ ಟಾಟಾ ಏಸ್, ಟ್ರ್ಯಾಕ್ಟರ್, ಪರಿಚಯದವರ ಬೈಕು. ಹೆದ್ದಾರಿ ಪಕ್ಕದ ಶಾಲೆಗಳಲ್ಲಿ ನಾಲ್ಕು ಪಥ ಆದಮೇಲೆ ಊರು ಒಂದು ಕಡೆ, ಶಾಲೆ ಇನ್ನೊಂದು ಕಡೆ. ಕೆಳಸೇತುವೆ ಅರ್ಧ ಕಿಲೋಮೀಟರ್ ಆಚೆ ಇದ್ದರೆ ಮಕ್ಕಳು ಡಿವೈಡರ್ ಹತ್ತಿಯೇ ದಾಟುತ್ತಾರೆ. ಮಕ್ಕಳು ಕಡಿಮೆಯಾದ ಶಾಲೆಯನ್ನು ಪಕ್ಕದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ ಎಂಬ ಮಾತು ಬಂದಾಗ ಹಳ್ಳಿಗಳಲ್ಲಿ ಪೋಷಕರು ಎದ್ದು ನಿಲ್ಲುವುದು ಇದಕ್ಕೇ. ದೊಡ್ಡ ಶಾಲೆ, ಹೆಚ್ಚು ಶಿಕ್ಷಕರು, ಪ್ರಯೋಗಾಲಯ ಎಲ್ಲವೂ ಒಳ್ಳೆಯದೇ. ಆದರೆ ವಾಹನದ ಏರ್ಪಾಡಿಲ್ಲದೆ ದೂರ ಹೆಚ್ಚಿಸಿದರೆ ಮೊದಲು ಮನೆಯಲ್ಲಿ ಉಳಿಯುವವಳು ಏಳನೇ ತರಗತಿಯ ಹೆಣ್ಣುಮಗಳು. ಅವಳು ಶಾಲೆ ಬಿಟ್ಟದ್ದಕ್ಕೆ ದಾಖಲೆಯಲ್ಲಿ 'ಗೈರುಹಾಜರಿ' ಎಂಬ ಕಾರಣ ಬರೆದಿರುತ್ತಾರೆ, 'ಭಯ' ಎಂದು ಬರೆದಿರುವುದಿಲ್ಲ.

ಬಿಸಿಯೂಟದ ಕೋಣೆ

ಬಿಸಿಯೂಟ ನಮ್ಮ ಸರ್ಕಾರಿ ಶಾಲೆಗಳಿಗೆ ಬಂದದ್ದು ದೊಡ್ಡ ಪುಣ್ಯದ ಕೆಲಸ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಶುರುವಾಯಿತು. ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ ಅದೊಂದೇ. ಅದನ್ನು ನಿಲ್ಲಿಸಬೇಕೆಂದು ಯಾವ ತಾಯಿಯೂ ಹೇಳುವುದಿಲ್ಲ. ಆದರೂ ಆ ಕೋಣೆಯ ಬಗ್ಗೆ ಅವಳಿಗೆ ಆತಂಕವಿದೆ.

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಊಟದಲ್ಲಿ ಸೇರಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಎಣ್ಣೆಯ ವಾಸನೆ ಬೇರೆಯಾಗಿದೆ ಎಂದು ಅಡುಗೆಯಾಕೆ ಹೇಳಿದ್ದರು, ಪಲ್ಯದ ರುಚಿ ಸರಿಯಿಲ್ಲ ಎಂದು ಮಕ್ಕಳು ಹೇಳಿದ್ದರು ಎಂದು ಆಗ ವರದಿಯಾಯಿತು. ಇಲ್ಲೂ ಅದೇ: ಹೇಳಿದ್ದರು, ಕೇಳಲಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಇಬ್ಬರು ಮೂವರು ವಯಸ್ಕರು ಉಂಡು ನೋಡಬೇಕೆಂಬ ನಿಯಮವಿದೆ. ರುಚಿ ನೋಡಿದವರ ಸಹಿಗೆ ಪುಸ್ತಕವೂ ಇದೆ. ಆ ಪುಸ್ತಕದಲ್ಲಿ ಇಡೀ ವಾರದ ಸಹಿಯನ್ನು ಒಂದೇ ದಿನ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ದಿನಗಳೇ ಹೆಚ್ಚು. ಸಹಿ ಇರುವುದು ಏನಾದರೂ ಆಗುವ ಆ ಒಂದು ದಿನಕ್ಕಾಗಿ.

ವಿಷಕ್ಕಿಂತ ಹತ್ತಿರದ ಅಪಾಯ ಬಿಸಿ. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ಚಿಣಮಗೇರಾದ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು, ಸುಟ್ಟ ಗಾಯಗಳಿಂದ ತೀರಿಕೊಂಡಳು. ಐವತ್ತು ಲೀಟರಿನ ಪಾತ್ರೆಯನ್ನು ಇಬ್ಬರು ಹೆಂಗಸರು ಒಲೆಯಿಂದ ಇಳಿಸಿ, ಹೊಸಿಲು ದಾಟಿಸಿ, ಓಡಾಡುವ ನೂರು ಮಕ್ಕಳ ನಡುವೆ ತರಬೇಕು. ಮಕ್ಕಳು ಕೂತ ಮೇಲೆಯೇ ಪಾತ್ರೆ ಹೊರಗೆ ಬರಬೇಕು, ಅಡುಗೆ ಕೋಣೆಯ ಬಾಗಿಲಿಗೆ ಅಡ್ಡಗಟ್ಟೆ ಇರಬೇಕು, ಬಡಿಸುವವರು ಸಾಲಿನ ಕಡೆಗೆ ಹೋಗಬೇಕು, ಸಾಲು ಪಾತ್ರೆಯ ಕಡೆಗೆ ಬರಬಾರದು. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಬೆಂಕಿಯ ವಿಷಯದಲ್ಲಿ ನಮಗೆ ಪಾಠ ಕಲಿಸಿದ್ದು ತಮಿಳುನಾಡಿನ ಕುಂಭಕೋಣಂ. 2004ರ ಜುಲೈ 16ರಂದು ಅಲ್ಲಿನ ಖಾಸಗಿ ಆಡಳಿತದ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಪ್ಪರಕ್ಕೆ ಹಬ್ಬಿ 94 ಮಕ್ಕಳು ಸುಟ್ಟುಹೋದರು. ಆ ಪ್ರಕರಣದ ಬೆನ್ನಲ್ಲಿ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ಒಂದು ಮಹತ್ವದ ಮಾತು ಹೇಳಿತು: ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು. ಬೆಂಕಿ ನಂದಿಸುವ ಸಾಧನ ಇರಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿ ಇರಬೇಕು ಎಂದು ಆದೇಶಿಸಿತು. ಇವತ್ತು ಅನೇಕ ಶಾಲೆಗಳ ಗೋಡೆಯಲ್ಲಿ ಕೆಂಪು ಸಿಲಿಂಡರ್ ನೇತಾಡುತ್ತಿದೆ. ಅದರ ಮೇಲಿನ ಚೀಟಿಯಲ್ಲಿ ಮರುಭರ್ತಿಯ ದಿನಾಂಕ ಯಾವುದೆಂದು ಒಮ್ಮೆ ಓದಿ ನೋಡಿ.

ಮಗುವಿನ ಮೈಯ ಮೇಲಿನ ಕೈ

ಈ ಭಯವನ್ನು ಪೋಷಕರು ಗಟ್ಟಿಯಾಗಿ ಹೇಳುವುದಿಲ್ಲ. ಮಗಳ ಹೆಸರು ಬಾಯಿಗೆ ಬೀಳುತ್ತದೆ ಎಂಬ ಅಳುಕು ಒಂದು ಕಡೆ, ಮೇಷ್ಟ್ರ ಮೇಲೆ ಮಾತಾಡಿದರೆ ಮಗುವಿಗೆ ತೊಂದರೆ ಎಂಬ ಅಳುಕು ಇನ್ನೊಂದು ಕಡೆ.

ಹೊಡೆತದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಸಮಾಜ ಅಷ್ಟು ಸ್ಪಷ್ಟವಾಗಿಲ್ಲ. "ನಾಲ್ಕು ಬಿಡಿ ಸಾರ್, ಬುದ್ಧಿ ಬರಲಿ" ಎಂದು ಅಪ್ಪಂದಿರೇ ಹೇಳಿ ಹೋಗುತ್ತಾರೆ. ನಮ್ಮ ಮಗನಿಗೆ ಹೊಡೆಯಿರಿ ಎಂದು ನಾವು ಕೊಟ್ಟ ಪರವಾನಗಿಯೇ ನಾಳೆ ಮತ್ತೊಬ್ಬರ ಮಗುವಿನ ಕಿವಿ ತಮಟೆಗೆ ಏಟಾಗುತ್ತದೆ. ಸುರಕ್ಷತೆಯನ್ನು ಕೇಳುವ ಪೋಷಕರು ಮೊದಲು ಈ ಮಾತನ್ನು ನಿಲ್ಲಿಸಬೇಕು.

ಲೈಂಗಿಕ ದೌರ್ಜನ್ಯಕ್ಕೆ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರಲ್ಲಿ ಪೋಷಕರೂ ಶಿಕ್ಷಕರೂ ತಿಳಿದಿರಲೇಬೇಕಾದ ಅಂಶ, ಸುದ್ದಿ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು ಎಂಬುದು. ತಿಳಿಸದಿದ್ದರೆ ಅದೇ ಅಪರಾಧ. ಸಾಮಾನ್ಯರಿಗೆ 6 ತಿಂಗಳವರೆಗೆ, ಸಂಸ್ಥೆಯ ಹೊಣೆ ಹೊತ್ತವರಿಗೆ 1 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. "ಊರಿನ ಮರ್ಯಾದೆ, ಶಾಲೆಯ ಹೆಸರು" ಎಂದು ಹಿರಿಯರು ಕೂತು ರಾಜಿ ಮಾಡಿಸುವುದಕ್ಕೆ ಈ ಕಾನೂನಿನಲ್ಲಿ ಜಾಗವಿಲ್ಲ. ಮಗುವಿನ ಗುರುತು ಹೊರಗೆ ಬಾರದಂತೆ ಕಾಯುವ ಹೊಣೆಯನ್ನೂ ಅದೇ ಕಾಯ್ದೆ ಹೊರಿಸಿದೆ. ಕರ್ನಾಟಕವು 2016ರಲ್ಲಿ ಶಿಕ್ಷಣ ಸಂಸ್ಥೆಗಳಿಗಾಗಿ ಮಕ್ಕಳ ರಕ್ಷಣಾ ನೀತಿಯನ್ನೂ ತಂದಿತು. ಶಾಲೆಯಲ್ಲಿ ರಕ್ಷಣಾ ಸಮಿತಿ ಇರಬೇಕು, ಮಕ್ಕಳು ದೂರು ಹಾಕುವ ಪೆಟ್ಟಿಗೆ ಇರಬೇಕು. ಪೆಟ್ಟಿಗೆಯ ಕೀಲಿ ಯಾರ ಬಳಿ ಇರುತ್ತದೆ, ಯಾವಾಗ ತೆರೆಯುತ್ತಾರೆ ಎಂಬುದರ ಮೇಲೆ ಮಗು ಅದರೊಳಗೆ ಚೀಟಿ ಹಾಕುತ್ತದೋ ಇಲ್ಲವೋ ಎಂಬುದು ನಿಂತಿದೆ. ಯಾರ ಮೇಲೆ ದೂರೋ ಅವರ ಜೇಬಿನಲ್ಲೇ ಕೀಲಿ ಇದ್ದರೆ ಪೆಟ್ಟಿಗೆ ಖಾಲಿಯೇ ಇರುತ್ತದೆ.

ಮರ್ಯಾದೆಯೂ ಸುರಕ್ಷತೆಯ ಭಾಗವೇ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಸುದ್ದಿ ರಾಜ್ಯವನ್ನೇ ಕಲಕಿತು. ಗುಂಡಿಯೊಳಗಿನ ಗಾಳಿ ದೊಡ್ಡವರ ಜೀವವನ್ನೇ ತೆಗೆದ ಉದಾಹರಣೆಗಳಿವೆ. ಅಂಥ ಜಾಗಕ್ಕೆ ಬಡವರ, ದಲಿತರ ಮಕ್ಕಳನ್ನು ಇಳಿಸಬಹುದು ಎಂದು ದೊಡ್ಡವರಿಗೆ ಅನ್ನಿಸಿತಲ್ಲ, ಅಪಾಯ ಹುಟ್ಟಿದ್ದು ಅಲ್ಲಿ. ಶೌಚಾಲಯ ತೊಳೆಯಲು ಆಳಿಲ್ಲ ಎಂಬ ಕೊರತೆಯನ್ನು ಮಕ್ಕಳ ಕೈಯಿಂದ ತುಂಬಿಸಬಾರದು.

ಗಂಟೆಯೊಳಗಿನ ನಿರ್ಧಾರ

2019ರ ನವೆಂಬರ್ 20ರಂದು ನೆರೆಯ ವಯನಾಡಿನ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಗೆ ತರಗತಿಯ ಕೋಣೆಯಲ್ಲೇ ಹಾವು ಕಚ್ಚಿತು. ನೆಲದಲ್ಲಿ ಬಿಲವಿತ್ತು. ಹಾವೇ ಕಚ್ಚಿದ್ದು ಎಂದು ಜತೆಯ ಮಕ್ಕಳು ಹೇಳಿದರೂ ಆಸ್ಪತ್ರೆಗೆ ಕೂಡಲೇ ಒಯ್ಯಲಿಲ್ಲ, ತಂದೆ ಬರುವವರೆಗೆ ಕಾದರು ಎಂದು ಸಹಪಾಠಿಗಳು ನುಡಿದರು. ಹುಡುಗಿ ಉಳಿಯಲಿಲ್ಲ. ಪಿಪ್ಲೋದಿ, ಗಂಡಾಮನ್, ಬತ್ತೇರಿ, ಮೂರು ರಾಜ್ಯಗಳು, ಮೂರು ಬಗೆಯ ಸಾವು. ಮೂರರಲ್ಲೂ ಮೊದಲು ಬಾಯಿ ತೆರೆದವರಲ್ಲಿ ಮಕ್ಕಳಿದ್ದರು.

ಶಿಕ್ಷಕರು ಕಟುಕರಲ್ಲ. ಅಂಥ ಗಳಿಗೆಯಲ್ಲಿ ಅವರನ್ನು ತಡೆಯುವುದು ಬೇರೆ ಭಯಗಳು. ಪೋಷಕರನ್ನು ಕೇಳದೆ ಒಯ್ದರೆ ನಾಳೆ ನನ್ನ ಮೇಲೆ ಬರುತ್ತದೆಯೇ? ಉಳಿದ ನಲವತ್ತು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಯಾವ ಗಾಡಿಯಲ್ಲಿ ಒಯ್ಯಲಿ? ಈ ಮೂರಕ್ಕೂ ಉತ್ತರ ಮೊದಲೇ ಬರೆದಿಟ್ಟಿರಬೇಕು. ತುರ್ತು ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಪತ್ರವನ್ನು ದಾಖಲಾತಿಯ ದಿನವೇ ಪಡೆದುಕೊಳ್ಳಬಹುದು. ಶಾಲೆಯ ಪಕ್ಕದ ಇಬ್ಬರು ಆಟೊ ಅಥವಾ ಕಾರಿನವರ ನಂಬರ್, 108, ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆಯ ಹೆಸರು, ಮಕ್ಕಳ ಸಹಾಯವಾಣಿ 1098, ಇಷ್ಟನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಗೇಟು, ಕಾಂಪೌಂಡು, ಕ್ಯಾಮೆರಾ

ಪೋಷಕರ ಬಾಯಲ್ಲಿ ಹೆಚ್ಚು ಕೇಳಿಬರುವ ಬೇಡಿಕೆ ಕಾಂಪೌಂಡು ಮತ್ತು ಸಿಸಿಟಿವಿ. ಕಾಂಪೌಂಡು ಅಥವಾ ಬೇಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇರುವ ಅಗತ್ಯ. ಗೋಡೆ ಇಲ್ಲದ ಶಾಲೆಯ ಅಂಗಳ ರಾತ್ರಿ ಇಸ್ಪೀಟಿನವರದು, ಕುಡಿಯುವವರದು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮಕ್ಕಳು ಬಾಟಲಿಯ ಚೂರು ಆರಿಸುವುದು ಎಷ್ಟೋ ಊರುಗಳಲ್ಲಿ ನಡೆಯುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಗೆ ಸಾಮಾನ್ಯವಾಗಿ ಕಾವಲುಗಾರರಿಲ್ಲ, ಜವಾನರೂ ಇಲ್ಲ. ಆದ್ದರಿಂದ ಅಂಗಳವನ್ನು ಕಾಯುವುದು ಊರಿನದೇ ಕೆಲಸವಾಗಬೇಕು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಗುಟ್ಕಾ ಚೀಟಿ ತೂಗುಹಾಕಿದ ಗೂಡಂಗಡಿ ಎಷ್ಟು ಹೆಜ್ಜೆ ದೂರದಲ್ಲಿದೆ ಎಂದು ಅಳೆಯಲು ಅಧಿಕಾರಿಯೇ ಬರಬೇಕಿಲ್ಲ.

ಕ್ಯಾಮೆರಾದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದು ಬೇಡವೆಂದಲ್ಲ, ಅದನ್ನೇ ನೆಚ್ಚಿಕೊಳ್ಳಬಾರದು. ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ, ಆಗುವುದನ್ನು ತಡೆಯುವುದಿಲ್ಲ. ಮಗುವಿಗೆ ಹೆದರಿಕೆಯಾಗುವ ಜಾಗಗಳು, ಶೌಚಾಲಯ, ಖಾಲಿ ಕೋಣೆ, ದಾರಿಯ ತಿರುವು, ಕ್ಯಾಮೆರಾದ ಕಣ್ಣಿಗೆ ಬೀಳುವುದೂ ಇಲ್ಲ. ಕೆಲವರು ಇದಕ್ಕೆಲ್ಲ ಟಿಸಿ ತೆಗೆದು ಖಾಸಗಿ ಶಾಲೆಗೆ ಸೇರಿಸುವುದೇ ಪರಿಹಾರ ಎನ್ನುತ್ತಾರೆ. ಕುಂಭಕೋಣಂ ದುರಂತ ನಡೆದದ್ದು ಸರ್ಕಾರಿ ಶಾಲೆಯಲ್ಲಲ್ಲ. ಶಾಲಾ ಸುರಕ್ಷತೆಗೆ ಯಾರು ಹೊಣೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 2021ರ ಕೇಂದ್ರದ ಮಾರ್ಗಸೂಚಿ ಬರಲು ಕಾರಣವಾದ 2017ರ ಗುರುಗ್ರಾಮದ ಬಾಲಕನ ಕೊಲೆ ನಡೆದದ್ದೂ ಖಾಸಗಿ ಶಾಲೆಯಲ್ಲಿ. ಶುಲ್ಕ ಕಟ್ಟಲಾಗದ ಪೋಷಕರಿಗಂತೂ ಆ ದಾರಿಯೇ ಇಲ್ಲ. ಅವರ ಮಕ್ಕಳಿಗೆ ಈ ಶಾಲೆಯೇ ಸುರಕ್ಷಿತವಾಗಬೇಕು.

ಯಾರ ಹೊಣೆ, ಯಾವ ಹಣ

2021ರ ಮಾರ್ಗಸೂಚಿಯ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸುರಕ್ಷತೆಗೆ ಮುಖ್ಯ ಶಿಕ್ಷಕರು, ಶಿಕ್ಷಕರು ಮತ್ತು ಶಿಕ್ಷಣ ಇಲಾಖೆಯ ಅಧಿಕಾರಿಗಳು ಉತ್ತರದಾಯಿಗಳು. ಮುಖ್ಯ ಶಿಕ್ಷಕರ ಕಡೆಯಿಂದಲೂ ಇದನ್ನು ನೋಡಬೇಕು. ಹಾಜರಾತಿಯ ಆ್ಯಪ್, ಮೊಟ್ಟೆಯ ಲೆಕ್ಕ, ಚುನಾವಣಾ ಕೆಲಸ, ಸಮೀಕ್ಷೆಗಳು ಎಲ್ಲ ಅವರ ತಲೆಯ ಮೇಲೆ. ಸಮಗ್ರ ಶಿಕ್ಷಣದಡಿ ವರ್ಷಕ್ಕೆ ಬರುವ ಶಾಲಾ ಅನುದಾನ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಸೀಮೆಸುಣ್ಣ, ದುರಸ್ತಿ, ನೈರ್ಮಲ್ಯ ಎಲ್ಲವೂ ಅದರಲ್ಲೇ ಆಗಬೇಕು. ಚಾವಣಿ ಬದಲಿಸಲು ಆ ಹಣ ಸಾಲದು, ಅದಕ್ಕೆ ಸರ್ಕಾರವೇ ಬರಬೇಕು. ಸುರಕ್ಷತೆಗೆಂದೇ ಪ್ರತ್ಯೇಕ ಮೊತ್ತವನ್ನು ಪ್ರತಿ ಶಾಲೆಗೂ ಕೊಡಬೇಕೆಂಬುದು ನ್ಯಾಯವಾದ ಬೇಡಿಕೆ, ಅದನ್ನು ಬಿಡಬಾರದು. ಆದರೆ ಚಿಲಕಕ್ಕೆ ಈಗ ಬರುವ ಶಾಲಾ ಅನುದಾನವೇ ಸಾಕು.

ಕೇಳುವ ವೇದಿಕೆಯನ್ನೂ ಕರ್ನಾಟಕ ಎಂದೋ ಕಟ್ಟಿಕೊಂಡಿದೆ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಹುಟ್ಟಿದವು. ಕೇಂದ್ರದ ಕಾಯ್ದೆ ಬರುವುದಕ್ಕೆ ಎಂಟು ವರ್ಷ ಮೊದಲು. ಈಗ ಕಾಯ್ದೆಯ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮಕ್ಕಳೇ ಎದ್ದು ನಿಂತು ಮಾತಾಡುವ ಮಕ್ಕಳ ಗ್ರಾಮಸಭೆಯೂ ನಮ್ಮಲ್ಲಿದೆ. ಬೀದಿದೀಪ, ಕುಡಿಯುವ ನೀರು, ಶಾಲೆಯ ಹಿಂದಿನ ಬಾರು, ಮಕ್ಕಳು ಅಲ್ಲಿ ಕೇಳುವ ಪ್ರಶ್ನೆಗಳನ್ನು ಒಮ್ಮೆ ಕೂತು ಕೇಳಿದರೆ ಗೊತ್ತಾಗುತ್ತದೆ, ಅಪಾಯದ ಲೆಕ್ಕ ಅವರಷ್ಟು ಸರಿಯಾಗಿ ಯಾರಿಗೂ ಗೊತ್ತಿಲ್ಲ.

ಹಾಗಾದರೆ ಕೊರತೆ ಎಲ್ಲಿ? ಆ ಮಾತನ್ನು ಕಾಗದಕ್ಕೆ ಇಳಿಸುವ ಕೈಯಲ್ಲಿ. ಬಾಯಿಮಾತು ಗೇಟಿನ ಹತ್ತಿರ ಹುಟ್ಟಿ ಗೇಟಿನ ಹತ್ತಿರವೇ ಸಾಯುತ್ತದೆ. ನಡಾವಳಿಗೆ ಬಂದ ಮಾತಿಗೆ ದಿನಾಂಕ ಇರುತ್ತದೆ, ಸಹಿ ಇರುತ್ತದೆ, ಮುಂದಿನ ಸಭೆಯಲ್ಲಿ 'ಏನಾಯಿತು' ಎಂದು ಓದಿ ಹೇಳಬೇಕಾಗುತ್ತದೆ. ಅದರ ಪ್ರತಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ), ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋದರೆ ಅಲ್ಲಿ ಸ್ವೀಕೃತಿಯ ಮೊಹರು ಬೀಳುತ್ತದೆ. ಆಮೇಲೆ ಯಾರೂ ನಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮುಖ್ಯ ಶಿಕ್ಷಕರಿಗೂ ಇದೇ ರಕ್ಷಣೆ: ನಾನು ಕೇಳಿದ್ದೆ, ಮೇಲಿನವರು ಕೊಡಲಿಲ್ಲ ಎಂಬುದಕ್ಕೆ ಅವರ ಕೈಯಲ್ಲೂ ಒಂದು ಕಾಗದ ಇರುತ್ತದೆ.

ನಮ್ಮ ಶಾಲೆಯಲ್ಲಿ ಆಮೇಲೆ ಹಾಗೆಯೇ ಮಾಡಿದೆವು. ಮುಂದಿನ ಸಭೆಯಲ್ಲಿ ಒಬ್ಬ ತಾಯಿ, ಅದುವರೆಗೆ ಸಹಿ ಹಾಕಿ ಎದ್ದುಹೋಗುತ್ತಿದ್ದವರು, ಸೆರಗು ಸರಿಮಾಡಿಕೊಂಡು ಎದ್ದು ನಿಂತು ಹೇಳಿದರು: "ಸಾರ್, ಮೊದಲು ಚಿಲಕದ ವಿಷಯ ಬರ್ಕೊಳ್ಳಿ. ಸ್ವೀಟಿಂದು ಆಮೇಲೆ ಬರೆಯೋಣ." ಬರೆದರು. ಮೂರನೇ ದಿನಕ್ಕೆ ಹಾರ್ಡ್‌ವೇರ್ ಅಂಗಡಿಯ ಹುಡುಗ ಬಂದು ಬಾಗಿಲಿಗೆ ಚಿಲಕ ಜಡಿದು ಹೋದ. ನೂರು ರೂಪಾಯಿಯೂ ಆಗಲಿಲ್ಲ. ಆ ವಾರದಿಂದ ಮಗಳ ಬಾಟಲಿ ಖಾಲಿಯಾಗಿ ಬರತೊಡಗಿತು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಇವತ್ತು ಸಂಜೆ ನಿಮ್ಮ ಮಗುವನ್ನು, ನಿಮ್ಮ ಮಗು ದೊಡ್ಡದಾಗಿದ್ದರೆ ನೆರೆಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಶಾಲೆಯಲ್ಲಿ ನಿನಗೆ ಹೋಗಲು ಹೆದರಿಕೆಯಾಗುವ ಜಾಗ ಯಾವುದು? ಹೆದರಿಕೆಯಾಗುವ ಮನುಷ್ಯ ಯಾರಾದರೂ ಇದ್ದಾರೆಯೇ? ಅದನ್ನು ಮೊದಲು ಯಾರಿಗೆ ಹೇಳಿದ್ದೆ? ಎರಡನೆಯ ಪ್ರಶ್ನೆಗೆ ಉತ್ತರ ಬಂದರೆ ಸಭೆಗೆ ಕಾಯಬೇಡಿ, ಆ ಹೊತ್ತೇ 1098ಕ್ಕೆ ಕರೆ ಮಾಡಿ. ಉಳಿದದ್ದನ್ನು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮಗು ಹೇಳಿದ ಹಾಗೆಯೇ ಓದಿ, ನಡಾವಳಿಯಲ್ಲಿ ಬರೆಸಿ, ತಾರೀಖು ಹಾಕಿಸಿ, ಕೆಳಗೆ ನಿಮ್ಮ ಸಹಿ ಮಾಡಿ ಬನ್ನಿ.